ಮೂರು ಸಾವಿರ ವ್ಯಾಟು, ಮೂರು ಕಾಸಿನ ಗುಂಯ್

ಹನುಮಂತನಗರದ ಒಂದು ಅಡ್ಡರಸ್ತೆ, ಹೊಂಗೆ ಮರದ ನೆರಳು. ಕಾರಿನ ಡಿಕ್ಕಿ ಬಾಯಿ ತೆರೆದಿದೆ. ಒಳಗೆ 12 ಇಂಚಿನ ಬೂಫರು, ಅಂದರೆ ಬೇಸ್ ಬಾರಿಸುವ ಸ್ಪೀಕರು; ಪಕ್ಕದಲ್ಲಿ ಅದಕ್ಕೆ ಶಕ್ತಿ ಕೊಡುವ ಆಂಪು (ಆಂಪ್ಲಿಫೈಯರ್). ಸುತ್ತ ನಾಲ್ಕು ತಲೆ, ಒಂದು ಮಲ್ಟಿಮೀಟರು, ಎರಡು ಬೈಟು ಕಾಫಿ.

ಸೀನ: ಗೇನ್ ಫುಲ್ ತಿರುಗಿಸಿದೀನಿ ಗುರೂ. ಆದ್ರೂ ಪಕ್ಕದ ಮನೆ ಮಿಕ್ಸಿನೇ ಇದಕ್ಕಿಂತ ಜೋರು.

ಗಿರಿ: ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡು. ಗೇನು ವಾಲ್ಯೂಮ್ ಅಲ್ಲ ಕಣೋ. ಸ್ಟೀರಿಯೋ ಕಳಿಸೋ ಸಿಗ್ನಲ್ 2 ವೋಲ್ಟೋ 4 ವೋಲ್ಟೋ, ಅದಕ್ಕೆ ಆಂಪನ್ನ ಹೊಂದಿಸೋ ತಿರುಪು, ಅಷ್ಟೇ. ಕೊನೇವರೆಗೂ ತಿರುಗಿಸಿದ್ರೆ ಸಿಗ್ನಲ್ ಅಲೆಯ ತಲೆ ಬೋಳಾಗಿ, ಬೂಫರೊಳಗೆ ಕೋನನ್ನ ಅಲ್ಲಾಡಿಸೋ ತಂತಿ ಸುರುಳಿ, ಅದೇ ಕಾಯಿಲ್, ಸುಡುತ್ತೆ.

ಮಂಜ: ಇಷ್ಟೆಲ್ಲಾ ಯಾಕೆ? ಜೆ.ಸಿ. ರೋಡಿಗೆ ಹೋಗಿ ಇದರ ಡಬಲ್ ವ್ಯಾಟಿನ ಆಂಪ್ ತಂದ್ರಾಯ್ತು.

ಶಾಮಣ್ಣ: ತಗೊಂಬಾಪ್ಪ. ವ್ಯಾಟ್ ಡಬಲ್ ಆದ್ರೆ ಸಿಗೋದು 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸ್ಬೇಕಾದ್ರೆ ಸುಮಾರು 10 ಬೇಕು, ಅಂದ್ರೆ ಹತ್ತು ಪಟ್ಟು ವ್ಯಾಟು. ಹತ್ತು ಆಂಪ್ ಹೊತ್ಕೊಂಡ್ ಬರ್ತೀಯಾ?

ಮಂಜ: ಇದರ ಮೇಲೇ 3000 ವ್ಯಾಟ್ ಅಂತ ಬರೆದಿದ್ಯಲ್ಲಣ್ಣ!

ಶಾಮಣ್ಣ: ಮೈಮೇಲೆ ಬರೆದದ್ದು ಓದಬೇಡ, ಫ್ಯೂಸ್ ಓದು. ಎಷ್ಟಿದೆ? 30 ಆಂಪಿಯರ್. 14 ವೋಲ್ಟಿಂದ ಗುಣಿಸು, 420. ಒಳಗೆ ಹೋಗೋದೇ ಅಷ್ಟು. ಕ್ಲಾಸ್ ಡಿ ಆಂಪಲ್ಲಿ ಮುಕ್ಕಾಲು ಭಾಗ ಹೊರಗೆ ಬಂತು ಅಂದ್ಕೋ, 300 ಚಿಲ್ಲರೆ. ಮಿಕ್ಕಿದ್ದೆಲ್ಲಾ ಮದುವೆ ಗಂಡಿನ ಸಂಬಳ ಹೇಳ್ದಂಗೆ.

ಸೀನ: 300 ಇದ್ರೂ ಡಿಕ್ಕಿ ಅದುರಬೇಕಲ್ವಾ?

ಗಿರಿ: ಅದುರಬೇಕು. ಅದಕ್ಕೇ ಇದು ವ್ಯಾಟಿನ ಬಡತನ ಅಲ್ಲ, ಎಲ್ಲೋ ಬೇಸ್ ಬೇಸನ್ನೇ ತಿಂತಿದೆ ಅಂತ ಅನುಮಾನ. ಸ್ಟೀರಿಯೋದಲ್ಲಿ ಸಬ್‌ವೂಫರ್ ಆನ್ ಇದ್ಯಾ? ಲೆವೆಲ್ ಮೈನಸ್ಸಿಗೆ ಹೋಗಿಲ್ಲ ತಾನೆ? ಆಂಪಲ್ಲಿ ಸ್ವಿಚ್ ಎಲ್‌ಪಿಎಫ್ ಕಡೆ ಇರಲಿ, 80 ಹರ್ಟ್ಸ್; ಅದು ಕೆಳಗಿನ ಸ್ವರ ಮಾತ್ರ ಬಿಡೋ ಫಿಲ್ಟರು. ಮೇಲಿನ ಸ್ವರ ಮಾತ್ರ ಬಿಡೋ ಹೆಚ್‌ಪಿಎಫ್ ಕಡೆ ಇದ್ರೆ ಬೇಸನ್ನೆಲ್ಲಾ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ತೀರಾ ಕೆಳಗಿನ ಸ್ವರ ತಡೆಯೋ ಸಬ್‌ಸಾನಿಕ್ ಫಿಲ್ಟರು 25-30 ಹರ್ಟ್ಸ್ ಹತ್ತಿರ. ಡ್ಯಾಶ್‌ಬೋರ್ಡ್ ಕೆಳಗೆ ಬೇಸ್ ನಾಬ್ ಇದ್ರೆ ಅದನ್ನೂ ನೋಡು, ಎಷ್ಟೋ ಸಲ ಮಂಡಿ ತಾಗಿ ಸೊನ್ನೆಗೆ ಬಂದಿರುತ್ತೆ.

ಮಂಜ: ಕಂಪನಿ ಸ್ಟೀರಿಯೋ ಆಗಿದ್ರೆ?

ಗಿರಿ: ಅದರದ್ದು ಇನ್ನೊಂದು ಕುತಂತ್ರ. ಬಾಗಿಲಿನ ಚಿಕ್ಕ ಸ್ಪೀಕರ್ ಹರಿಯಬಾರದು ಅಂತ, ವಾಲ್ಯೂಮ್ ಏರಿಸ್ದಂಗೆ ಬೇಸನ್ನ ತಾನೇ ಇಳಿಸೋವು ಎಷ್ಟೋ ಇವೆ. ಆ ಸ್ಪೀಕರ್ ವೈರಿಂದ ಸಿಗ್ನಲ್ ತಗೊಂಡಿದ್ರೆ ನೀನು ಜೋರು ಮಾಡಿದಷ್ಟೂ ಬೂಫರ್ ಸುಮ್ಮನಾಗುತ್ತೆ. ಇಲ್ಲಿ ಸ್ಟೀರಿಯೋದಿಂದ ನೇರ ಸಿಗ್ನಲ್ ತರೋ ಆರ್‌ಸಿಎ ವೈರ್ ಇದೆ, ಬಿಡು.

ಎಲ್ಲಾ ಸರಿಯಾಗೇ ಇತ್ತು. ಗಿರಿ ಆಂಪಿಂದ ಬೂಫರಿನ ಎರಡೂ ವೈರ್ ಕಳಚಿ ಮೀಟರ್ ಹಿಡಿದ. 1.8 ಓಮ್.

ಸೀನ: ಸರಿಯಾಗಿದ್ಯಾ?

ಗಿರಿ: ಇದು ಎರಡು ಕಾಯಿಲಿನ ಬೂಫರು, ಒಂದೊಂದು 4 ಓಮ್. ಪ್ಯಾರಲಲ್ ಹಾಕಿದ್ರೆ 2, ಮೀಟರಲ್ಲಿ ಒಂಚೂರು ಕಮ್ಮಿ ಕಾಣುತ್ತೆ. ಸೀರೀಸ್ ಹಾಕಿದ್ರೆ 7ರ ಆಸುಪಾಸು ತೋರಿಸ್ಬೇಕಿತ್ತು. ಆಗ 300 ವ್ಯಾಟ್ ಕೊಡೋ ಆಂಪು 75ಕ್ಕೆ ಇಳಿದಿರೋದು. ಇಲ್ಲಿ ಪ್ಯಾರಲಲ್ಲೇ ಇದೆ.

ಮಂಜ: ಹಾಗಾದ್ರೆ ಬೂಫರ್ ಪಾಸು.

ಶಾಮಣ್ಣ: ನಿಲ್ಲೋ. ಓಮ್ ಮೀಟರಿಗೆ ಪ್ಲಸ್ಸು ಮೈನಸ್ಸು ಗೊತ್ತಾಗಲ್ಲ. ಆ 9 ವೋಲ್ಟ್ ಬ್ಯಾಟರಿ ಕೊಡು. ಕೋನ್ ಮೇಲೆ ಬೆರಳಿಟ್ಕೊಂಡು ವೈರಿಗೆ ಟಕ್ ಅಂತ ಮುಟ್ಟಿಸು, ಹಿಡ್ಕೊಂಡು ನಿಲ್ಲಬೇಡ.

ಮುಟ್ಟಿಸಿದರು. ಕೋನ್ ಅಲ್ಲಾಡಲಿಲ್ಲ. ಇನ್ನೊಮ್ಮೆ. ಇಲ್ಲ.

ಶಾಮಣ್ಣ: ಸಿಕ್ಕಿಬಿದ್ದ. ಪೆಟ್ಟಿಗೆಯಿಂದ ಬೂಫರ್ ಬಿಚ್ಚು, ಒಂದೊಂದೇ ಕಾಯಿಲಿಗೆ ಮುಟ್ಟಿಸು.

ಎಂಟು ಸ್ಕ್ರೂ ಬಿಚ್ಚಿ ಬೂಫರನ್ನು ಎತ್ತಿದರು. ಕಾಯಿಲುಗಳ ನಡುವಿನ ವೈರ್ ತೆಗೆದು, ಕೆಂಪು ಟರ್ಮಿನಲ್ಲಿಗೆ ಬ್ಯಾಟರಿ ಪ್ಲಸ್ ಮುಟ್ಟಿಸಿದರೆ ಎರಡೂ ಕಾಯಿಲಿಗೆ ಕೋನ್ ಹೊರಗೇ ನೆಗೆಯಿತು. ಕಾಯಿಲ್ ಸರಿ, ಜೋಡಿಸಿದ್ದೇ ತಪ್ಪು. ಒಂದರ ಕೆಂಪಿಗೆ ಇನ್ನೊಂದರ ಕಪ್ಪು ಕಟ್ಟಿದ್ದರು.

ಗಿರಿ: ಒಂದು ಕಾಯಿಲ್ ಹೊರಗೆ ತಳ್ಳುತ್ತೆ, ಇನ್ನೊಂದು ಒಳಗೆ ಎಳೆಯುತ್ತೆ. ಕೋನ್ ಮಧ್ಯದಲ್ಲಿ ನಿಂತಿರುತ್ತೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತಂಗೆ. ಕರೆಂಟೇನೋ ಹರೀತಾನೇ ಇರುತ್ತೆ. ಆಂಪೂ ಬಿಸಿ, ಕಾಯಿಲೂ ಬಿಸಿ, ಶಬ್ದ ಮಾತ್ರ ಇಲ್ಲ.

ಸೀನ: ನಾನು ಗೇನ್ ಏರಿಸಿದಷ್ಟೂ...

ಶಾಮಣ್ಣ: ಜಗಳ ಜೋರಾಗ್ತಿತ್ತು. ಈಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ವಾಪಸ್ ಕೂರಿಸೋವಾಗ ಅಂಚಿಗೆ ಫೋಮ್ ಪಟ್ಟಿ ಇಡು. ಮುಚ್ಚಿದ ಪೆಟ್ಟಿಗೆ, ಗಾಳಿ ಸೋರಬಾರದು. ಎರಡು ಬೂಫರ್ ಇರೋ ಕಾರಲ್ಲೂ ಇದೇ ಕಥೆ, ಒಂದು ಉಲ್ಟಾ ಇದ್ರೆ ಒಂದನ್ನೊಂದು ನುಂಗುತ್ತವೆ.

ಹಾಡು ಹಾಕಿದರು. ಮರದ ಮೇಲಿನ ಕಾಗೆ ಹಾರಿಹೋಯಿತು. ಆದರೆ ದೊಡ್ಡ ಏಟಿಗೆ ಆಂಪಿನ ದೀಪ ಮಂಕಾಗುತ್ತಿತ್ತು.

ಗಿರಿ: ಈಗ ಅರ್ತ್ ನೋಡೋಣ, ಆಂಪಿನ ಮೈನಸ್ ವೈರು ಕಾರಿನ ಲೋಹದ ಮೈಗೆ ಸೇರೋ ಜಾಗ. ಇಂಜಿನ್ ಆನ್ ಇರಲಿ, 50 ಹರ್ಟ್ಸ್ ಟೋನ್ ಹಾಕು, ಐದು ಸೆಕೆಂಡ್ ಸಾಕು. ಬ್ಯಾಟರಿ ಹತ್ರ 14.1, ಆಂಪ್ ಹತ್ರ 12.6. ಒಂದೂವರೆ ವೋಲ್ಟ್ ದಾರೀಲೇ ಹೋಯ್ತು.

ಶಾಮಣ್ಣ: ತೊರೆಕಾಡನಹಳ್ಳಿ ಪಂಪ್‌ಹೌಸಲ್ಲಿ ಬಿಟ್ಟ ಕಾವೇರಿ ದಾರೀಲಿ ಸೋರಿ ನಮ್ಮ ನಲ್ಲಿಗೆ ಬಂದಂಗೆ.

ಮಂಜ: ಅರ್ತಿಗೆ ಮೀಟರ್ ಇಟ್ಟೆ, ಬೀಪ್ ಅಂತಲ್ಲ?

ಗಿರಿ: ಬೀಪ್ ನಂಬಬೇಡ. ಮೀಟರಿನ ವೈರೇ 0.2 ಓಮ್ ತೋರಿಸುತ್ತೆ, ಇಲ್ಲಿ ಕಾಟ ಕೊಡೋದು ಅದರ ಐದನೇ ಒಂದು ಭಾಗ. ಹಾಡ್ತಿರುವಾಗ ವೋಲ್ಟೇ ಅಳೀಬೇಕು. ಉದ್ದ ವೈರ್ ತಗೊಂಡು ಬ್ಯಾಟರಿ ಮೈನಸ್ಸಿಂದ ಆಂಪಿನ ಮೈನಸ್ಸಿಗೆ: 1.1 ವೋಲ್ಟ್. ಪ್ಲಸ್ಸಿಂದ ಪ್ಲಸ್ಸಿಗೆ: 0.4. ಎಲ್ಲಿ ಸೋರ್ತಿದೆ ಅಂತ ಈಗ ಜಗಳ ಇಲ್ಲ.

ಸ್ಟೆಪ್ನಿ ಎತ್ತಿದರೆ ಅರ್ತಿನ ರಿಂಗು ಬಣ್ಣದ ಮೇಲೇ ಕೂತಿತ್ತು, ಸ್ಕ್ರೂವಿನ ಸುತ್ತ ತುಕ್ಕು. ಬ್ಯಾಟರಿ ಮೈನಸ್ ಕಳಚಿ, ನಾಲ್ಕಾಣೆ ಅಗಲ ಹೊಳೆಯೋವರೆಗೂ ಉಪ್ಪುಕಾಗದ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬೋಲ್ಟ್ ಬಿಗಿದರು. ಮೇಲೆ ಗ್ರೀಸ್ ಬಳಿದರು. ಮತ್ತೆ ಅಳೆದರೆ 0.1.

ಸೀನ: ಸೀಟ್ ಬೆಲ್ಟ್ ಬೋಲ್ಟಿಗೆ ಕಟ್ಟಿದ್ರೆ ಸುಲಭ ಇರ್ತಿತ್ತಲ್ಲ?

ಶಾಮಣ್ಣ: ಅದು ನಿನ್ನ ಪ್ರಾಣ ಹಿಡಿಯೋ ಬೋಲ್ಟು, ಮುಟ್ಟಬೇಡ. ಹೊಸ ತೂತು ಕೊರೆಯೋದಾದ್ರೂ ಕೆಳಗೆ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ನೋಡ್ಕೋ.

ಗಿರಿ: ಪ್ಲಸ್ ವೈರಿನ ತುದಿ ಬ್ಲೇಡಲ್ಲಿ ಕೆರೆದೆ, ಒಳಗೆ ಬೆಳ್ಳಗಿದೆ. ತಾಮ್ರ ಬಳಿದ ಅಲ್ಯೂಮಿನಿಯಂ. ಅಪ್ಪಟ ತಾಮ್ರದ 4 ಗೇಜ್ 5 ಮೀಟರ್ ತಗೋ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಒಂದು ಫ್ಯೂಸ್ ಇರ್ಲೇಬೇಕು. ಅವಸರ ಇಲ್ಲ, ಮುಂದಿನ ಸಂಬಳಕ್ಕೆ ನೋಡು.

ಮಂಜ: ಗೇನು?

ಗಿರಿ: ಬೂಫರ್ ವೈರ್ ಕಳಚು. ಬೇಸ್ ಬೂಸ್ಟ್ ಸೊನ್ನೆ, ಸ್ಟೀರಿಯೋ ಮುಕ್ಕಾಲು ವಾಲ್ಯೂಮ್, ಅದೇ 50 ಹರ್ಟ್ಸ್. ಮೀಟರ್ ಎಸಿ ವೋಲ್ಟಿಗೆ. 300 ವ್ಯಾಟನ್ನ 2 ಓಮಿಂದ ಗುಣಿಸಿ ವರ್ಗಮೂಲ ತೆಗಿ, 24.5 ವೋಲ್ಟ್. ಗೇನ್ ಕೆಳಗಿಂದ ಏರಿಸ್ತಾ ಬಾ, 24.5 ಬಂದ ತಕ್ಷಣ ನಿಲ್ಲಿಸು.

ತಿರುಪು ಅರ್ಧಕ್ಕೂ ಮೊದಲೇ ನಿಂತಿತು. ವೈರ್ ಹಾಕಿ ಹಾಡು ಬಿಟ್ಟರೆ ಗಡಗಡ ಅಂದದ್ದು ನಂಬರ್ ಪ್ಲೇಟು.

ಶಾಮಣ್ಣ: ಹಿಂದೆ ಎರಡು ತುಂಡು ಫೋಮ್ ಟೇಪ್ ಅಂಟಿಸು, ಸರಿಹೋಗುತ್ತೆ.

ಸೀನ: ಸೂಪರ್ ಗುರೂ! ಇನ್ನೊಂದೇ ಒಂದು ಚೂರು...

ಗಿರಿ: ಲೋ, ಸ್ಕ್ರೂಡ್ರೈವರ್ ಕೆಳಗಿಡೋ.