845 ಬೋರ್ಡ್ ಎಫ್‌ಎಕ್ಸ್ 5200 ಕಾರ್ಡ್ ತಗೊಳ್ತಾನೇ ಇಲ್ಲ, ಯಾರಾದರೂ ಹೇಳ್ರಪ್ಪಾ

ಉಣಕಲ್_ಹುಡುಗ:
ತಲೆ ಕೆಟ್ಟು ಹೋಗಿದೆ. ಅಣ್ಣನ ಹಳೆ ಪೆಂಟಿಯಂ 4 ಅಟ್ಟದ ಮೇಲೆ ಬಿದ್ದಿತ್ತು. ಇಳಿಸಿ, ಧೂಳು ಹೊಡೆದು ಚಾಲು ಮಾಡಿದೆ. ಮದರ್‌ಬೋರ್ಡ್ ಇಂಟೆಲ್ 845. ಎಲ್ಲ ಸರಿ ಇದೆ, ಆದರೆ ವೈಸ್ ಸಿಟಿ ಗೇಮ್ ಹಾಕಿದರೆ ಬೈಕ್ ನಿಂತು ನಿಂತು ಹೋಗುತ್ತದೆ. ಅದಕ್ಕೇ ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಒಂದು ಹಳೆ ಸಾಮಾನಿನ ಅಂಗಡಿಯಿಂದ ಜಿಫೋರ್ಸ್ ಎಫ್‌ಎಕ್ಸ್ 5200 ಎಜಿಪಿ ಗ್ರಾಫಿಕ್ಸ್ ಕಾರ್ಡ್ (ಎಜಿಪಿ ಅಂದರೆ ಗ್ರಾಫಿಕ್ಸಿಗೆ ಅಂತಲೇ ಇರುವ ಸ್ಲಾಟ್) ತಂದಿದ್ದೇನೆ. ಬೋರ್ಡ್ ತಗೊಳ್ತಾನೇ ಇಲ್ಲ. ಏನು ಮಾಡಲಿ? ಬೇಗ ಹೇಳಿ, ಭಾನುವಾರ ಗೆಳೆಯರು ಬರುತ್ತಾರೆ.

ಎಸ್‌ಎಂಪಿಎಸ್_ಮಾಮಾ:
ಇದರಲ್ಲಿ ಕೇಳುವುದೇನಿದೆ? ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಡಬ್ಬಿ, ಹೋಗಿದೆ. ಆ ಕಾಲದ ಲೋಕಲ್ ಡಬ್ಬಿಗಳ ಮೇಲೆ 400 ವ್ಯಾಟ್ ಅಂತ ಬರೆದಿರುತ್ತದೆ, ಅರ್ಧವೂ ಕೊಡುವುದಿಲ್ಲ. ಬದಲಾಯಿಸಿ.

ಗದಗ_ಗ್ಲೈಡ್:
ಮೊದಲು ಕಾರ್ಡಿನ ಕಾಲಿಗೆ (ಸ್ಲಾಟಿನೊಳಗೆ ಕೂರುವ ಅಂಚಿಗೆ) ರಬ್ಬರ್ ಉಜ್ಜಿ ನೋಡ್ರಿ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ರೇ ಸಾಕು. ಆಮೇಲೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ.

ಹಾವೇರಿ_ಸೋಲ್ಡರ್:
845 ಅಂದರೆ ಯಾವ 845? ಬೀಪ್ ಬರುತ್ತಾ? ವಿಂಡೋಸ್ ಯಾವುದು? ಬೋರ್ಡಿನ ಒಂದು ಫೋಟೋ ಹಾಕಿ. ಮಾಮಾ, ಎಫ್‌ಎಕ್ಸ್ 5200ಕ್ಕೆ ಬೇರೆ ಪವರ್ ವೈರ್ ಕೂಡ ಬೇಡ. ಸ್ಲಾಟ್ ಕೊಡುವುದೇ ಸಾಕಾಗುತ್ತದೆ.

ಎಸ್‌ಎಂಪಿಎಸ್_ಮಾಮಾ:
ಸ್ಲಾಟಿಗೆ ಪವರ್ ಆಕಾಶದಿಂದ ಬರುತ್ತಾ? ಎಸ್‌ಎಂಪಿಎಸ್‌ನಿಂದಲೇ ಅಲ್ವಾ? ಮಲ್ಟಿಮೀಟರ್ ಹಿಡಿಯಿರಿ. ಹಳದಿ ವೈರ್ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಐದು ಪರ್ಸೆಂಟ್‌ಗಿಂತ ಆಚೀಚೆ ಇದ್ದರೆ ನಾನು ಹೇಳಿದ್ದೇ ಸರಿ.

ಉಣಕಲ್_ಹುಡುಗ:
ರಬ್ಬರ್ ಉಜ್ಜಿ ಆಯಿತು. ಮಾಮಾ ಹೇಳಿದರು ಅಂತ ಹೊಸ ಎಸ್‌ಎಂಪಿಎಸ್ ಕೂಡ ಹಾಕಿಸಿದೆ. ಅದೇ ಕಥೆ. ಕಾರ್ಡ್ ತಗೊಳ್ತಿಲ್ಲ. ವಿಂಡೋಸ್ 98.

ಪೆಂಟಿಯಂ_ಪ್ರೇಮಿ:
98 ಯಾಕೆ? ಎಕ್ಸ್‌ಪಿ ಹಾಕಿ ಸುಮ್ನೆ ಆಡಿ. ವೈಸ್ ಸಿಟಿ ಪಿಸಿಗೆ ಬಂದದ್ದೇ 2003ರಲ್ಲಿ.

ಗದಗ_ಗ್ಲೈಡ್:
ಎಕ್ಸ್‌ಪಿಯಲ್ಲಿ ಡಾಸ್ ಗೇಮ್ ಹಾಕಿದರೆ ಸೌಂಡಿಗೆ ಎಷ್ಟು ಒದ್ದಾಟ ಗೊತ್ತಾ? ರೆಟ್ರೊ ಅಂದರೆ 98. ಎಫ್‌ಎಕ್ಸ್‌ಗೆ ಡ್ರೈವರ್ 45.23 ಹಾಕಿ, ಟೇಬಲ್ ಫಾಗ್, ಅಂದರೆ ಗೇಮಿನಲ್ಲಿ ಮಂಜು ತೋರಿಸುವ ಹಳೆ ವಿಧಾನ, ಸರಿಯಾಗಿ ಬರುತ್ತದೆ. ಇಲ್ಲದಿದ್ದರೆ ಹಳೆ ಗೇಮುಗಳಲ್ಲಿ ಮಂಜೇ ಕಾಣುವುದಿಲ್ಲ.

ಪೆಂಟಿಯಂ_ಪ್ರೇಮಿ:
ಡಾಸ್ ಗೇಮ್ ಓಡಿಸಲಿಕ್ಕೆ ಡಾಸ್‌ಬಾಕ್ಸ್ ಅಂತ ಒಂದು ಸಾಫ್ಟ್‌ವೇರ್ ಇದೆ, ಕೇಳಿದ್ದೀರಾ? ಮಂಜು ನೋಡಲಿಕ್ಕೆ ಯಾರಾದರೂ 98 ಹಾಕುತ್ತಾರಾ?

ಗದಗ_ಗ್ಲೈಡ್:
ನಾನು ಹಾಕುತ್ತೇನೆ. ನಮ್ಮ ಮನೆಯಲ್ಲಿ 440ಬಿಎಕ್ಸ್ ಬೋರ್ಡ್, ಪೆಂಟಿಯಂ 3, ವೂಡೂ 3 3000 ಗ್ರಾಫಿಕ್ಸ್ ಕಾರ್ಡ್, 17 ಇಂಚಿನ ಡಬ್ಬಾ ಮಾನಿಟರ್. ನೀಡ್ ಫಾರ್ ಸ್ಪೀಡ್ 2 ಎಸ್‌ಇ ಅದರಲ್ಲಿ ಗ್ಲೈಡ್ (ವೂಡೂ ಕಾರ್ಡುಗಳದ್ದೇ ಗ್ರಾಫಿಕ್ಸ್ ವ್ಯವಸ್ಥೆ) ಮೇಲೆ ಓಡುವಾಗ ಮಳೆಹನಿ, ಹೊಗೆ ಎಲ್ಲ ಬೇರೆಯೇ. ಎಲ್‌ಸಿಡಿಯಲ್ಲಿ ಆಡುವವರಿಗೆ ಹೇಳಿದರೆ ಅರ್ಥವಾಗುವುದಿಲ್ಲ ಬಿಡ್ರಿ.

ಎಸ್‌ಎಂಪಿಎಸ್_ಮಾಮಾ:
ಹೊಸ ಎಸ್‌ಎಂಪಿಎಸ್ ಯಾವ ಕಂಪನಿಯದು? ತೂಕ ಎಷ್ಟಿದೆ? ಹಗುರ ಇದ್ದರೆ ಅದೂ ಡಬ್ಬಿಯೇ.

ಹಾವೇರಿ_ಸೋಲ್ಡರ್:
ಎಲ್ಲರೂ ಒಂದು ನಿಮಿಷ ಸುಮ್ಮನಿರಿ. ಹುಡುಗಾ, ತಗೊಳ್ತಿಲ್ಲ ಅಂದರೆ ಏನು? ಕಾರ್ಡ್ ಕೂತು ಪರದೆ ಕಪ್ಪಗಿರುತ್ತಾ, ಇಲ್ಲಾ ಕೂರುವುದೇ ಇಲ್ವಾ?

ಉಣಕಲ್_ಹುಡುಗ:
ಕೂರುವುದೇ ಇಲ್ಲ. ಕಂದು ಸ್ಲಾಟ್ ಗಿಡ್ಡ ಇದೆ, ಕಾರ್ಡಿನ ಕಾಲು ಉದ್ದ. ಒತ್ತಿ ನೋಡಿದೆ, ಕಟ್ ಅಂತು, ಬಿಟ್ಟೆ. ಫೋಟೋ ಹಾಕಿದ್ದೇನೆ.

ಹಾವೇರಿ_ಸೋಲ್ಡರ್:
ಇನ್ನೊಮ್ಮೆ ಒತ್ತಬೇಡಿ! ಅದು ಎಜಿಪಿ ಅಲ್ಲ, ಸಿಎನ್‌ಆರ್. ಮೋಡೆಮ್ ಕಾರ್ಡಿಗೆ ಅಂತ ಇಟ್ಟದ್ದು. ಬಣ್ಣ ಒಂದೇ, ಕೆಲಸ ಬೇರೆ. ಎಜಿಪಿ ಇದ್ದರೆ ಪ್ರೊಸೆಸರ್‌ಗೂ ಬಿಳಿ ಪಿಸಿಐ ಸ್ಲಾಟುಗಳಿಗೂ (ಸೌಂಡ್ ಕಾರ್ಡಿನಂಥ ಉಳಿದ ಕಾರ್ಡುಗಳದ್ದು) ನಡುವೆ ಇರುತ್ತದೆ. ನಿಮ್ಮದರಲ್ಲಿ ಅಲ್ಲಿ ಬೋಳು ಜಾಗ. ಸ್ಟಿಕರ್ ಮೇಲೆ 845ಜಿಎಲ್ ಅಂತಲೇ ಇದೆ. 845ಜಿಗೆ ಎಜಿಪಿ ಉಂಟು, ಜಿಎಲ್‌ಗೆ ಇಲ್ಲ. ಚಿಪ್‌ಸೆಟ್ಟಿನಲ್ಲೇ, ಅಂದರೆ ಬೋರ್ಡಿನ ಮುಖ್ಯ ಚಿಪ್ಪಿನಲ್ಲೇ ಇಲ್ಲ, ಆದ್ದರಿಂದ ಸ್ಲಾಟ್ ಬೆಸುಗೆ ಹಾಕಿದರೂ ಪ್ರಯೋಜನವಿಲ್ಲ.

ಈಗ ಎರಡೇ ದಾರಿ. ಒಂದು, ಎಫ್‌ಎಕ್ಸ್ 5200ರದ್ದೇ ಪಿಸಿಐ ಕಾರ್ಡ್ ಹುಡುಕಿ. 128 ಬಿಟ್ ಮೆಮೊರಿಯದು ಸಿಕ್ಕರೆ ಒಳ್ಳೆಯದು, 64 ಬಿಟ್‌ನದು ನಿಧಾನ. ಹಾಕಿದ ಮೇಲೆ ಬಯಾಸ್‌ನಲ್ಲಿ (ಕಂಪ್ಯೂಟರ್ ಚಾಲು ಆಗುವಾಗಿನ ಸೆಟ್ಟಿಂಗ್) ಮೊದಲ ಡಿಸ್‌ಪ್ಲೇ ಪಿಸಿಐ ಮಾಡಿ, ವಿಜಿಎ ವೈರ್ ಕಾರ್ಡಿಗೆ ಚುಚ್ಚಿ. ಜಾಸ್ತಿ ಆಸೆ ಬೇಡ. ಪಿಸಿಐ ಸೆಕೆಂಡಿಗೆ 133 ಎಂಬಿ, ಅದರಲ್ಲೂ ಉಳಿದ ಕಾರ್ಡುಗಳಿಗೆ ಪಾಲು. ಎಜಿಪಿ 4ಎಕ್ಸ್ ಸುಮಾರು 1 ಜಿಬಿ. ಆದರೂ ರ‍್ಯಾಮ್ ಕದ್ದು ಬದುಕುವ ಆನ್‌ಬೋರ್ಡ್ ಗ್ರಾಫಿಕ್ಸಿಗಿಂತ ವಾಸಿ. ಎರಡನೆಯದು, ಬೋರ್ಡೇ ಬದಲು. 845ಜಿ, 865ಜಿ ಯಾವುದಾದರೂ ಸರಿ, 865ಜಿವಿ ಮಾತ್ರ ಬೇಡ, ಅದರಲ್ಲೂ ಎಜಿಪಿ ಇಲ್ಲ. ಕೊಳ್ಳುವ ಮೊದಲು ಕೆಪ್ಯಾಸಿಟರ್ ತಲೆ ಉಬ್ಬಿದೆಯಾ ನೋಡಿ.

ಗದಗ_ಗ್ಲೈಡ್:
845ಜಿ ಸಿಕ್ಕಿತು ಅಂತ ನನ್ನ ವೂಡೂ 3 ಎಜಿಪಿಯಂಥದ್ದನ್ನು ತುರುಕಬೇಡಿ. ಅದು 3.3 ವೋಲ್ಟ್, ಆ ಬೋರ್ಡ್ 1.5. ಬೋರ್ಡ್ ಸುಟ್ಟೇ ಹೋಗಬಹುದು.

ಉಣಕಲ್_ಹುಡುಗ:
ಅಂಗಡಿಯವ 845ಕ್ಕೆ ಆಗುತ್ತದೆ ಅಂದಿದ್ದ! ವಾಪಸ್ ತಗೊಳ್ಳಲ್ಲ ಅಂತಾನೆ. ಪಿಸಿಐ ಕಾರ್ಡ್ ಧಾರವಾಡದಲ್ಲಿ ಯಾರ ಹತ್ತಿರವಾದರೂ ಇದೆಯಾ? ಚಿಗರಿ ಬಸ್ಸು ಹತ್ತಿ ಬಂದುಬಿಡುತ್ತೇನೆ. ಅಂದ ಹಾಗೆ 98ಕ್ಕೆ 1 ಜಿಬಿ ರ‍್ಯಾಮ್ ಹಾಕಬಹುದಾ?

ಪೆಂಟಿಯಂ_ಪ್ರೇಮಿ:
512 ಎಂಬಿ ದಾಟಿದರೆ 98 ತಕರಾರು ತೆಗೆಯುತ್ತದೆ. ಸಿಸ್ಟಮ್ ಡಾಟ್ ಐಎನ್‌ಐ ಫೈಲಿನಲ್ಲಿ ವಿಕ್ಯಾಷ್ ಅನ್ನುವ ಭಾಗದ ಕೆಳಗೆ ಮ್ಯಾಕ್ಸ್‌ಫೈಲ್‌ಕ್ಯಾಷ್ ಸಂಖ್ಯೆ ಕಡಿಮೆ ಮಾಡಬೇಕು. ಎಕ್ಸ್‌ಪಿಯಲ್ಲಿ ಈ ರಗಳೆಯೇ ಇಲ್ಲ.

ಗದಗ_ಗ್ಲೈಡ್:
ಶುರುವಾಯಿತು ಮತ್ತೆ.

ಎಸ್‌ಎಂಪಿಎಸ್_ಮಾಮಾ:
ತಮ್ಮಾ, ಆ ಎಜಿಪಿ ಕಾರ್ಡ್ ನನಗೆ ಕೊಡು. ನನ್ನ ಹತ್ತಿರ 865ಜಿ ಇದೆ. ತೂಕದ ಎಸ್‌ಎಂಪಿಎಸ್ ಹಾಕಿದ್ದೇನೆ.