ಆರ್ಗಾನ್ ಸಿಲಿಂಡರ್ ತರಲೇ? ಅನುಭವವಿದ್ದವರು ತಿಳಿಸಿ

ತೀರ್ಥಹಳ್ಳಿಯಿಂದ: ಗೇಟು, ಗ್ರಿಲ್ ಮಾಡುವ ಸಣ್ಣ ಅಂಗಡಿ ನನ್ನದು. ಅಡಿಕೆ ಬೇಯಿಸುವ ಸ್ಟೀಲ್ ಹಂಡೆಗಳ ಕೆಲಸ ಕೇಳಿಕೊಂಡು ಬರುತ್ತಿದ್ದಾರೆ. ಟಿಗ್ ಬೆಸುಗೆ ಯಂತ್ರ, ಅದಕ್ಕೆ ಬೇಕಾದ ಆರ್ಗಾನ್ ಅನಿಲದ ಸಿಲಿಂಡರ್ ತಂದರೆ ಗಿಟ್ಟುತ್ತದೆಯೇ?

ಸಾಗರದಿಂದ: ನಾನು ಕಳೆದುಕೊಂಡದ್ದನ್ನು ಹೇಳುತ್ತೇನೆ. ಜೂನ್‌ನಲ್ಲಿ ಶಿವಮೊಗ್ಗದಿಂದ ಮೊದಲ ಸಿಲಿಂಡರ್ ತಂದೆ. ಅನಿಲಕ್ಕೆ 1,850 ರೂಪಾಯಿ, ಗಾಡಿ ಬಾಡಿಗೆ 1,400, ಠೇವಣಿ ಬೇರೆ. 7 ಘನ ಮೀಟರ್ ಅನಿಲ, ನಿಮಿಷಕ್ಕೆ 8 ಲೀಟರ್ ಬಿಟ್ಟರೆ 14 ಗಂಟೆ ಬರಬೇಕು. ಬಂದದ್ದು 5 ಗಂಟೆ! ರೆಗ್ಯುಲೇಟರಿನ ನಟ್ಟಿನಲ್ಲಿ ರಾತ್ರಿಯೆಲ್ಲ ಸೋರಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ತಿಳಿಯುವುದು ಹೇಗೆ? ಸೋಪಿನ ನೊರೆ ಹಚ್ಚಿ ಗುಳ್ಳೆ ಎದ್ದದ್ದನ್ನು ನೋಡುವಷ್ಟರಲ್ಲಿ ಎರಡನೆಯ ಸಿಲಿಂಡರೂ ಅರ್ಧವಾಗಿತ್ತು. ಸಾಲದ್ದಕ್ಕೆ ಶೆಡ್ಡಿನ ಪಡುವಣ ಬದಿ ತೆರೆದಿತ್ತು. ಬೆಸುಗೆಯ ಮೇಲೆ ಹೊದಿಕೆಯಾಗಿ ನಿಲ್ಲಬೇಕಾದ ಅನಿಲವನ್ನು ಮಳೆಗಾಳಿ ಎಳೆದುಕೊಂಡು ಹೋಯಿತು. ಹಂಡೆ ಒಲೆ ಏರಿದ ಮರುದಿನವೇ ಬೆಸುಗೆಯ ಗುಂಟ ಅಡಿಕೆ ಬೇಯಿಸಿದ ಚೊಗರು ರಸ ಕೆಂಪು ಗೆರೆಯಾಗಿ ಜಿನುಗಿತು. ಮೂರು ಹಂಡೆ ವಾಪಸು ಬಂದವು. ಗಾಳಿಯಲ್ಲಿ ಬಿಟ್ಟಿ ಇರುವ ಅನಿಲಕ್ಕೆ ಈ ಬೆಲೆಯೇ?

ಶಿವಮೊಗ್ಗದಿಂದ: ಬಿಟ್ಟಿ ಎನ್ನಬೇಡಿ. ಗಾಳಿಯಲ್ಲಿ ಅದು ಇರುವುದು ಶೇ. 0.93. ಗಾಳಿಯನ್ನು ದ್ರವ ಮಾಡಿ ಬೇರ್ಪಡಿಸಬೇಕು. ಆಮ್ಲಜನಕ ಕುದಿಯುವುದು ಮೈನಸ್ 183 ಡಿಗ್ರಿಯಲ್ಲಿ, ಆರ್ಗಾನ್ ಮೈನಸ್ 186ರಲ್ಲಿ. ಮೂರು ಡಿಗ್ರಿ ಅಂತರ! ಹನ್ನೊಂದು ವರ್ಷದಿಂದ ನನ್ನ ಮನೆ ನಡೆದಿರುವುದು ಇದೇ ಅನಿಲದಿಂದ. ನನ್ನ ಒಂದು ಹಂಡೆಯೂ ಸೋರಿಲ್ಲ. ಸೂಕ್ಷ್ಮ ಬೇಕು. ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ 1.257 ಗ್ರಾಂ, ರಾಸಾಯನಿಕಗಳಿಂದ ಪಡೆದದ್ದು 1.250 ಎಂಬ ಸಣ್ಣ ವ್ಯತ್ಯಾಸವನ್ನು ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರೇಲಿ ಕಡೆಗಣಿಸದೆ ಇದ್ದುದರಿಂದಲೇ 1894ರಲ್ಲಿ ಅವರಿಗೂ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆಗೂ ಆ ಹೆಚ್ಚಿನ ಭಾರಕ್ಕೆ ಕಾರಣವಾದ ಆರ್ಗಾನ್ ಸಿಕ್ಕಿತು.

ಹೊಸನಗರದಿಂದ: ನಾನು ತಂತಿಯೇ ಕರಗಿ ಬೆಸುಗೆಯಾಗುವ, ಇಂಗಾಲದ ಡೈಆಕ್ಸೈಡಿನ ಮಿಗ್ ಯಂತ್ರದಲ್ಲೇ ಎಲ್ಲವನ್ನೂ ಮಾಡುತ್ತೇನೆ. ಆರ್ಗಾನ್ ದುಡ್ಡಿದ್ದವರ ಶೋಕಿ.

ಶಿವಮೊಗ್ಗದಿಂದ: ಗೇಟಿಗೆ ಸರಿ. ಅದೇ ಅನಿಲವನ್ನು ಟಿಗ್ ಟಾರ್ಚಿಗೆ ಕೊಟ್ಟು ನೋಡಿ, ಅದರ ತುದಿಯ ಟಂಗ್‌ಸ್ಟನ್ ಕಡ್ಡಿ ಸುಟ್ಟುಹೋಗುತ್ತದೆ. ಆರ್ಗಾನ್ ಬೆಸುಗೆಯಲ್ಲಿ ಯಾವುದರೊಂದಿಗೂ ರಾಸಾಯನಿಕವಾಗಿ ಕೂಡದು. ‘ಸೋಮಾರಿ’ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟದ್ದೇ ಅದಕ್ಕೆ.

ಭದ್ರಾವತಿಯಿಂದ: ಕಂಡುಹಿಡಿದ ಕೀರ್ತಿ ಇಬ್ಬರಿಗೇ ಏಕೆ? ಗಾಳಿಯಲ್ಲಿ ಯಾವುದಕ್ಕೂ ಕರಗದ ಸಣ್ಣ ಗುಳ್ಳೆಯೊಂದು ಉಳಿಯುತ್ತದೆ ಎಂದು ವಿಜ್ಞಾನಿ ಕ್ಯಾವೆಂಡಿಶ್ 1785ರಲ್ಲೇ ಬರೆದಿದ್ದರು. ಅದಿರಲಿ. ನಿಮ್ಮಲ್ಲಿ ಯಾರೂ ಜೀವದ ಮಾತು ಆಡಲಿಲ್ಲ. ಆರ್ಗಾನ್ ಗಾಳಿಗಿಂತ ಮೂರನೇ ಒಂದು ಪಾಲಿಗೂ ಹೆಚ್ಚು ಭಾರ, ಉಸಿರಾಡುವ ಗಾಳಿಯನ್ನು ಹೊರದೂಡಿ ತಳದಲ್ಲಿ ನಿಲ್ಲುತ್ತದೆ. ಟ್ಯಾಂಕಿನೊಳಗೆ ಕುಳಿತು ಬೆಸುಗೆ ಹಾಕುತ್ತಿದ್ದ ನನ್ನ ಹುಡುಗ ಕೂಗದೆ, ಕೆಮ್ಮದೆ ಕುಸಿದ. ಕಾಲು ಹಿಡಿದು ಎಳೆದೆವು, ಬದುಕಿದ. ಅಂದಿನಿಂದ ಗಾಳಿ ಊದುವ ಬ್ಲೋವರ್ ಇಲ್ಲದೆ ಯಾರನ್ನೂ ಒಳಗೆ ಇಳಿಸುವುದಿಲ್ಲ.

ಶಿವಮೊಗ್ಗದಿಂದ: ಬ್ಲೋವರ್ ಇಟ್ಟರೆ ಹೊದಿಕೆ ಹಾರುತ್ತದೆ.

ಭದ್ರಾವತಿಯಿಂದ: ಬೆಸುಗೆ ಕೆಟ್ಟರೆ ಉಜ್ಜಿ ಮತ್ತೆ ಹಾಕಬಹುದು ಸ್ವಾಮಿ. ಅವನ ತಾಯಿಗೆ ನೀವು ಏನು ಹೇಳುತ್ತಿದ್ದಿರಿ?