ಪದ ಬೇಕು: 'ಹಾರ್ಮೋನಲ್ ಇಂಬ್ಯಾಲೆನ್ಸ್' (ನಾಳೆ ಅಚ್ಚಿಗೆ ಹೋಗಬೇಕು)

ಬಳಗದವರಿಗೆ ನಮಸ್ಕಾರ.

ಹೆಣ್ಣುಮಕ್ಕಳ ಆರೋಗ್ಯ ಶಿಬಿರಕ್ಕೆ ಒಂದು ಕರಪತ್ರ, ಒಂದು ಬ್ಯಾನರ್ ಅನುವಾದ ಮಾಡುತ್ತಿದ್ದೇನೆ. ಓದುವವರು ಹೈಸ್ಕೂಲು, ಪಿಯು ಹುಡುಗಿಯರು ಮತ್ತು ಅವರ ಅಮ್ಮಂದಿರು. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಒಂದು, ತಲೆಬರಹ. ಪತ್ರಿಕೆಗಳಲ್ಲಿ 'ಹಾರ್ಮೋನ್ ಅಸಮತೋಲನ', 'ಹಾರ್ಮೋನ್ ವೈಪರೀತ್ಯ' ಎರಡೂ ಬರುತ್ತವೆ. ವೈಪರೀತ್ಯ ಎಂದರೆ ಮಳೆ ಸುದ್ದಿ ಓದಿದ ಹಾಗಾಗುತ್ತದೆ. ಅಸಮತೋಲನ ಯಾರ ಬಾಯಲ್ಲೂ ಇಲ್ಲ. ನನಗೆ 'ಏರುಪೇರು' ಇಷ್ಟ. ಬಿಪಿ ಏರುಪೇರು, ಶುಗರ್ ಏರುಪೇರು ಅಂತ ಮನೆಗಳಲ್ಲಿ ಹೇಳುತ್ತಾರೆ ಅಲ್ವಾ?

ಎರಡು, 'ಇರ್ರೆಗ್ಯುಲರ್ ಪಿರಿಯಡ್ಸ್'. ನನಗೆ ಕೊಟ್ಟ ಹಳೆಯ ಕರಡಿನಲ್ಲಿ 'ಮುಟ್ಟು ತಪ್ಪುವುದು' ಎಂದಿದೆ. ನಮ್ಮ ಕಡೆ ಮುಟ್ಟು ತಪ್ಪಿದೆ, ತಿಂಗಳು ತಪ್ಪಿದೆ ಎಂದರೆ ಬಸಿರು ಎಂದೇ ಅರ್ಥ. ಹದಿನಾರರ ಹುಡುಗಿ ಆ ಚೀಟಿ ಹಿಡಿದು ಮನೆಗೆ ಹೋದರೆ ಏನಾಗಬಹುದು, ಯೋಚಿಸಿ.

ಮೂರು, 'ಹೋಲಿಸ್ಟಿಕ್'. ಊಟ, ನಿದ್ದೆ, ನಡಿಗೆ, ಮನಸ್ಸು ಎಲ್ಲವನ್ನೂ ಸೇರಿಸಿ ನೋಡುವುದು ಎಂಬ ಅರ್ಥದಲ್ಲಿ. 'ಸಮಗ್ರ' ಎಂದರೆ ಸಮಗ್ರ ಕೃಷಿ ನೆನಪಾಗುತ್ತದೆ.

— ಅನುವಾದಕಿ, ತುಮಕೂರು

* * *

ಮೊದಲು 'ಹಾರ್ಮೋನ್' ಎಂಬ ಪದವನ್ನೇ ತೆಗೆಯಿರಿ. 1905ರಲ್ಲಿ ಲಂಡನ್ನಿನ ಶರೀರವಿಜ್ಞಾನಿ ಸ್ಟಾರ್ಲಿಂಗ್ ಆ ಹೆಸರು ಬಳಕೆಗೆ ತಂದದ್ದು ಗ್ರೀಕಿನ 'ಹೊರ್ಮಾವೊ' ಕ್ರಿಯಾಪದದಿಂದ. ಪ್ರೇರಿಸು, ಚುರುಕುಗೊಳಿಸು ಎಂದರ್ಥ. ಅದೇ ಅರ್ಥದ 'ಚುದ್' ಧಾತುವಿನಿಂದ 'ಚೋದಕ' ನಮ್ಮಲ್ಲಿ ಸಿದ್ಧವಾಗಿದೆ. ಗಾಯತ್ರಿ ಮಂತ್ರದ 'ಪ್ರಚೋದಯಾತ್' ಕೇಳದವರು ಕಡಿಮೆ. 'ಚೋದಕ ಅಸಮತೋಲನ' ಎಂದು ಬರೆಯಿರಿ. ಏರುಪೇರು ಈರುಳ್ಳಿ ಬೆಲೆಗೆ ಸರಿ, ವೈದ್ಯಕ್ಕಲ್ಲ.

— ನಿವೃತ್ತ ಅಧ್ಯಾಪಕ, ಮೈಸೂರು

* * *

ಚೋದಕ ಕನ್ನಡವೇ ಅಲ್ಲ. ಸಂಸ್ಕೃತದ ಸಾಲ ಇಂಗ್ಲಿಷಿನ ಸಾಲಕ್ಕಿಂತ ಮೇಲು ಎಂದು ಯಾರು ಹೇಳಿದರು? ಮೈಯೊಳಗೆ ಸುರಿಯುವುದು 'ಸುರಿಗೆ'. ಉಡು-ಉಡುಗೆ, ನಂಬು-ನಂಬುಗೆ ಇದ್ದ ಹಾಗೆ. 'ಸುರಿಗೆಯ ಏರುಪೇರು'. ಅಚ್ಚಗನ್ನಡ. ಬೇರೆ ಚರ್ಚೆ ಬೇಡ.

— ಬೆಂಗಳೂರು

* * *

ಹಳಗನ್ನಡದಲ್ಲಿ ಸುರಿಗೆ ಎಂದರೆ ಕಿರುಗತ್ತಿ. ಪದ ಕಟ್ಟುವ ಮೊದಲು ನಿಘಂಟು ತೆರೆಯಿರಿ. ಇನ್ನು ನಿಮ್ಮ ಅಚ್ಚಗನ್ನಡದ ಏರುಪೇರು ಉತ್ತರ ಭಾರತದ ಭಾಷೆಗಳ 'ಹೇರಫೇರ'ದಿಂದ ಬಂದಿರಬೇಕು ಎಂದು ನನ್ನ ಊಹೆ. ಕನ್ನಡದ್ದೇ ಆಗಿದ್ದರೆ, ಹಳಗನ್ನಡದ 'ಪಾಲು' 'ಹಾಲು' ಆದ ಹಾಗೆ, ಪಕಾರ ಹೋಗಿ 'ಏರುಹೇರು' ಆಗಬೇಕಿತ್ತು.

— ಧಾರವಾಡ

* * *

ಪಕಾರ ಹಕಾರವಾಗುವುದು ಪದದ ಮೊದಲಲ್ಲಿ. ಇಲ್ಲಿ ಅದು ನಡುವೆ ಇದೆ. ನಿಮ್ಮ ವಾದ ನಿಲ್ಲುವುದಿಲ್ಲ.

— ಬೆಂಗಳೂರು

* * *

ತುಮಕೂರಿನ ಮೇಡಂಗೆ. ನಾನು ಹಳ್ಳಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಈ ಬಳಗದಲ್ಲಿ ಬರೆಯುವುದು ಕಡಿಮೆ, ಇವತ್ತು ಸುಮ್ನೆ ಇರಲು ಆಗಲಿಲ್ಲ.

ಹಾರ್ಮೋನು ಇರಲಿ. ಚೋದಕ, ಸುರಿಗೆ ಎಂದರೆ ಹುಡುಗಿ ಡಾಕ್ಟರ ಹತ್ತಿರ ಹೋಗಿ ಏನು ಕೇಳಬೇಕು? ಲ್ಯಾಬಿನ ಚೀಟಿಯಲ್ಲೂ ಆ ಪದ ಇರುವುದಿಲ್ಲ.

ಆದರೆ ಏರುಪೇರು ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಏರುಪೇರು ಎಂದರೆ ಒಮ್ಮೆ ಏರಿ ಒಮ್ಮೆ ಇಳಿಯುವುದು. ಥೈರಾಯ್ಡ್ ಹಾರ್ಮೋನು ಕಡಿಮೆ ಇರುವವರಲ್ಲಿ ಅದು ಇಳಿದೇ ಇರುತ್ತದೆ. ಸುಸ್ತು, ಚಳಿ, ಮಲಬದ್ಧತೆ, ಒಣ ಚರ್ಮ, ಜಾಸ್ತಿ ಮುಟ್ಟು. ಜಾಸ್ತಿ ಆದವರದು ಬೇರೆ: ಎದೆ ಡವಡವ, ಬೆವರು, ತಿಂದರೂ ತೂಕ ಇಳಿಯುವುದು. 'ನನಗೆ ಥೈರಾಯ್ಡ್ ಇದೆ' ಎಂದು ಎಲ್ಲರೂ ಹೇಳುತ್ತಾರೆ. ಆ ಗ್ರಂಥಿ ಎಲ್ಲರ ಕತ್ತಿನಲ್ಲೂ ಇದೆ. ದಯವಿಟ್ಟು 'ಥೈರಾಯ್ಡ್ ಕಡಿಮೆ', 'ಥೈರಾಯ್ಡ್ ಜಾಸ್ತಿ' ಎಂದು ಬಿಡಿಸಿ ಬರೆಯಿರಿ.

ನೀವು ಕೇಳದ ಇನ್ನೊಂದು ಮಾತು. ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಮುಟ್ಟು ಸರಿಯಾಗಿ ಬಾರದಂತೆ ಮಾಡುವ ಹಾರ್ಮೋನಿನ ತೊಂದರೆ) ಬಗ್ಗೆ ಕರಡಿನಲ್ಲಿ ಹೇಗಿದೆ? 'ಅಂಡಾಶಯದ ಗಡ್ಡೆ' ಎಂದಿದ್ದರೆ ಅಳಿಸಿಬಿಡಿ. ಗಡ್ಡೆ ಎಂದರೆ ಜನರಿಗೆ ಕ್ಯಾನ್ಸರ್. ಸ್ಕ್ಯಾನಿಂಗ್ ಚೀಟಿ ಹಿಡಿದು ಅಳುತ್ತಾ ಬಂದ ತಾಯಂದಿರನ್ನು ನೋಡಿದ್ದೇನೆ. ಅಲ್ಲಿ ಕಾಣುವುದು ಬಲಿಯದೆ ನಿಂತ ಅಂಡಾಣುಗಳ ಪುಟ್ಟ ಚೀಲಗಳು. ಒಂದೊಂದೂ 2ರಿಂದ 9 ಮಿಲಿಮೀಟರ್ ಅಷ್ಟೇ. ಇಂಗ್ಲಿಷಿನ 'ಸಿಸ್ಟ್' ಎಂಬ ಹೆಸರೇ ದಾರಿ ತಪ್ಪಿಸುತ್ತದೆ, ಅದನ್ನು ನಾವು ಗಡ್ಡೆ ಮಾಡಿ ಇನ್ನಷ್ಟು ಹೆದರಿಸುತ್ತೇವೆ. ಮೈನೆರೆದ ಮೊದಲ ವರ್ಷ ಮುಟ್ಟು ಹಿಂದೆಮುಂದೆ ಆಗುವುದು ಸಹಜ ಎಂದೂ ಸೇರಿಸಿ.

'ಹೋಲಿಸ್ಟಿಕ್'ಗೆ ಪದವೇ ಬೇಡ. ಯಾವ ಪದ ಹಾಕಿದರೂ ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ ಎಂದು ತಿಳಿಯುವವರಿದ್ದಾರೆ. ಥೈರಾಯ್ಡ್ ಕಡಿಮೆ ಎಂದು ಡಾಕ್ಟರು ಮಾತ್ರೆ ಬರೆದವರು ಅದನ್ನು ಬಿಡಬಾರದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತಗೋಬೇಕು. ಕಬ್ಬಿಣದ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರ ಇರಬೇಕು. ಶಾಲೆಯಲ್ಲಿ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಅದಕ್ಕೇ ಹೇಳಿದೆ.

— ಚಿಕ್ಕಮಗಳೂರು

* * *

ಸಿಸ್ಟರ್ ಅವರೇ, ತುಂಬಾ ಉಪಕಾರವಾಯಿತು. ಕರಡಿನಲ್ಲಿ 'ಗಡ್ಡೆ' ಎಂದೇ ಇತ್ತು. ತೆಗೆದೆ. ಏರುಪೇರಿನ ಮಾತೂ ಸರಿ. ನಿಮ್ಮ 'ಕಡಿಮೆ', 'ಜಾಸ್ತಿ' ಓದುತ್ತಲೇ ತಲೆಬರಹ ಹೊಳೆಯಿತು:

'ಹಾರ್ಮೋನು ಹೆಚ್ಚುಕಡಿಮೆಯಾದರೆ'

ಹೆಚ್ಚಾದರೂ ಸೇರಿತು, ಕಡಿಮೆಯಾದರೂ ಸೇರಿತು. 'ಏನಾದ್ರೂ ಹೆಚ್ಚುಕಡಿಮೆ ಆದ್ರೆ' ಎಂದು ಅಮ್ಮಂದಿರು ಹೇಳುವ ಕಾಳಜಿಯೂ ಅದರಲ್ಲೇ ಇದೆ.

— ತುಮಕೂರು

* * *

ಹೆಚ್ಚುಕಡಿಮೆ ಎಂದರೆ 'ಸುಮಾರು'. ತಲೆಬರಹ ಗೊಂದಲ. ಅಲ್ಲದೆ ಜನ 'ಹೆಚ್ಚುಕಮ್ಮಿ' ಎನ್ನುತ್ತಾರೆ. ಕಮ್ಮಿ ಪಾರ್ಸಿ. ಹೀಗೆ ಬಾಗಿಲು ತೆರೆದಿಟ್ಟರೆ ಕನ್ನಡ ಏನು ಉಳಿಯುತ್ತದೆ?

— ಮೈಸೂರು

* * *

ಸರ್, ಗೌರವದಿಂದಲೇ ಹೇಳುತ್ತೇನೆ. 'ಸುಮಾರು' ಎಂಬ ಅರ್ಥ ಬರುವುದು ಹೆಚ್ಚುಕಡಿಮೆ ಇನ್ನೊಂದು ಮಾತಿಗೆ ಮೊದಲು ನಿಂತಾಗ. 'ಹೆಚ್ಚುಕಡಿಮೆ ಎಲ್ಲರೂ ಬಂದರು' ಎನ್ನುವ ಹಾಗೆ. 'ಆಗು' ಸೇರಿದರೆ ಆ ಅರ್ಥ ನಿಲ್ಲುವುದಿಲ್ಲ. ಕಮ್ಮಿ ಪಾರ್ಸಿಯಿಂದ ಬಂದದ್ದು ನಿಜ. ಬಂದು ನಮ್ಮ ಅಡುಗೆಮನೆಯಲ್ಲಿ ಉಪ್ಪು ಕಮ್ಮಿ ಎನ್ನುವಷ್ಟು ಒಳಗೆ ಕೂತಿದೆ. ಹಾರ್ಮೋನನ್ನೂ ಹಾಗೆ ಒಳಗೆ ಕರೆದುಕೊಳ್ಳೋಣ, 'ಉ' ಸೇರಿಸಿ ನಮ್ಮದೇ ಮಾಡಿಕೊಂಡಿದ್ದೇವಲ್ಲ. ಪದ ನಮ್ಮದೋ ಅಲ್ಲವೋ ಎನ್ನುವುದಕ್ಕಿಂತ ಆ ಹುಡುಗಿ ಅದನ್ನು ಹೆದರದೆ ಬಾಯಿಬಿಟ್ಟು ಹೇಳಬಲ್ಲಳೋ ಎನ್ನುವುದು ನನಗೆ ದೊಡ್ಡದು.

ಈಗ ಹೀಗಿದೆ: 'ಮುಟ್ಟು ಹಿಂದೆಮುಂದೆ ಆಗುವುದು'. 'ಥೈರಾಯ್ಡ್ ಕಡಿಮೆ, ಥೈರಾಯ್ಡ್ ಜಾಸ್ತಿ'. ಹೋಲಿಸ್ಟಿಕ್ ಇದ್ದ ಕಡೆ 'ಡಾಕ್ಟರು ಕೊಟ್ಟ ಮಾತ್ರೆಯ ಜೊತೆಗೆ ಊಟ, ನಿದ್ದೆ, ನಡಿಗೆ, ನೆಮ್ಮದಿ'. 'ಜೊತೆಗೆ' ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿಸುತ್ತೇನೆ.

ಒಂದು ಉಳಿದಿದೆ. ಪಿಸಿಓಎಸ್ ಇದ್ದವರ ಮುಖದ ಮೇಲೆ ಬರುವ ಕೂದಲಿಗೆ ಕರಡಿನಲ್ಲಿ 'ಗಂಡಸರಂತೆ ಗಡ್ಡ-ಮೀಸೆ' ಎಂದಿದೆ. ಹಾಗೆ ಬರೆಯಲು ಕೈ ಬರುತ್ತಿಲ್ಲ. 'ತುಟಿಯ ಮೇಲೆ, ಗಲ್ಲದ ಮೇಲೆ ದಪ್ಪ ಕೂದಲು' ಎಂದು ಬದಲಾಯಿಸಿದ್ದೇನೆ. ಇದಕ್ಕಿಂತ ನೋಯಿಸದ ಮಾತು ಯಾರಿಗಾದರೂ ಹೊಳೆದರೆ ನಾಳೆ 11 ಗಂಟೆಯೊಳಗೆ ತಿಳಿಸಿ.

— ತುಮಕೂರು